ಪಾಠಾಂತರವೇ ಪರದೇಶವೆ? ಅಸ್ಸಾಮಿನ ಗಡಿವಿವಾದ ಮತ್ತು ಗ್ರಂಥಸಂಪಾದನೆಯ ವಿವೇಕ

ಬಾದಾಮಿಯ ಚಾಲುಕ್ಯ ಅರಸನ ಹೆಸರು ಶಾಸನಗಳಲ್ಲಿ ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಎಂಬ ಹಲವು ರೂಪಗಳಲ್ಲಿ ದೊರೆಯುತ್ತದೆ. ಜೈನ ಪರಂಪರೆಯ ಮಹಾನ್ ಆಚಾರ್ಯರೊಬ್ಬರು ಒಂದೆಡೆ ಕೊಂಡಕುಂದರು, ಇನ್ನೊಂದೆಡೆ ಕುಂದಕುಂದರು. ಈ ರೂಪಭೇದಗಳನ್ನು ಕಂಡು ಅರಸರು ಮೂವರಿದ್ದರೆಂದಾಗಲಿ, ಆಚಾರ್ಯರು ಇಬ್ಬರಿದ್ದರೆಂದಾಗಲಿ ಯಾವ ವಿದ್ವಾಂಸನೂ ತೀರ್ಮಾನಿಸುವುದಿಲ್ಲ. ಹೆಸರು ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ, ಲಿಪಿಕಾರನಿಂದ ಲಿಪಿಕಾರನಿಗೆ ಸಾಗುವಾಗ ರೂಪ ಬದಲಿಸುತ್ತದೆ. ಭೇದ ಕಂಡೊಡನೆ ಮೊದಲು ಶಂಕಿಸಬೇಕಾದುದು ಬರೆದ ಕೈಯನ್ನು; ಬರೆಯಲ್ಪಟ್ಟ ವ್ಯಕ್ತಿಯನ್ನಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ಎಂ.ಎ. ತರಗತಿಯ ವಿದ್ಯಾರ್ಥಿಗೂ ಇದು ಗೊತ್ತಿರುವ ಸಂಗತಿ.

ಈ ಸಾಮಾನ್ಯ ವಿವೇಕ ಅಸ್ಸಾಮಿನ ವಿದೇಶೀಯರ ನ್ಯಾಯಮಂಡಳಿಗಳಿಗೆ ತಲುಪಲು ಸುಪ್ರೀಂ ಕೋರ್ಟಿನ ತೀರ್ಪೇ ಬೇಕಾಯಿತು. ನಲಬಾರಿ ಜಿಲ್ಲೆಯ ನಿವಾಸಿಯೊಬ್ಬರನ್ನು ನ್ಯಾಯಮಂಡಳಿ ವಿದೇಶೀಯನೆಂದು ಘೋಷಿಸಿತ್ತು. ದಾಖಲೆಗಳಲ್ಲಿನ ಹೆಸರಿನ ಕಾಗುಣಿತ ಮತ್ತು ದಿನಾಂಕಗಳು ಒಂದಕ್ಕೊಂದು ಹೊಂದಿಕೆಯಾಗದಿರುವುದನ್ನು ಅವರ ವಿರುದ್ಧ ಎಣಿಸಲಾಗಿತ್ತು. 2024ರ ಜುಲೈ 11ರಂದು ಸರ್ವೋಚ್ಚ ನ್ಯಾಯಾಲಯ ಆ ಘೋಷಣೆಯನ್ನು ರದ್ದುಪಡಿಸಿತು. ಮತದಾರರ ಪಟ್ಟಿಗಳಲ್ಲಿ ಕಾಗುಣಿತದ ಸಣ್ಣ ವ್ಯತ್ಯಾಸಗಳು ಅಸಹಜವಲ್ಲ, ಅವುಗಳಿಂದ ಒಬ್ಬನ ಪೌರತ್ವ ಅಳಿಯುವುದಿಲ್ಲ, ಕೈಯಲ್ಲಿ ಯಾವ ಆಧಾರವೂ ಇಲ್ಲದೆ ಯಾರನ್ನೋ ಹಿಡಿದು ‘ನೀನು ವಿದೇಶೀಯನಲ್ಲವೆಂದು ತೋರಿಸು’ ಎನ್ನುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು ಆ ತೀರ್ಪಿನ ಸಾರ. ಆದರೆ ತೀರ್ಪು ಬರುವ ಹೊತ್ತಿಗೆ ಆ ವ್ಯಕ್ತಿ ಬದುಕಿರಲಿಲ್ಲ. ಭಾರತೀಯನೆಂಬ ಮಾನ್ಯತೆ ಅವರಿಗೆ ಮರಣೋತ್ತರವಾಗಿ ದೊರೆಯಿತು.

ಅಕ್ರಮ ವಲಸೆಯ ವಾದವಿವಾದದಲ್ಲಿ ಕೇಳಿಬರುವ ಗದ್ದಲವನ್ನೆಲ್ಲ ಬದಿಗಿಟ್ಟು ನೋಡಿದರೆ ಪ್ರಶ್ನೆ ಇಷ್ಟೇ: ಗಡಿಯನ್ನು ಎಲ್ಲಿ ಕಾಯಬೇಕು? ಗಡಿಯಲ್ಲಿಯೋ, ಅಥವಾ ಐವತ್ತು ವರ್ಷಗಳ ಹಿಂದೆ ಗುಮಾಸ್ತನೊಬ್ಬ ಬರೆದ ಹೆಸರಿನ ದೀರ್ಘ ಹ್ರಸ್ವಗಳಲ್ಲಿಯೋ? ಮೊದಲನೆಯದು ರಾಷ್ಟ್ರದ ಹಕ್ಕು ಮತ್ತು ಕರ್ತವ್ಯ. ಎರಡನೆಯದು ಗಡಿರಕ್ಷಣೆಯ ವೇಷ ತೊಟ್ಟ ಅನ್ಯಾಯ. ಈ ಎರಡನ್ನೂ ಒಂದೇ ಎಂದು ಸಾಧಿಸುವವರು ಗಡಿಗೂ ದ್ರೋಹ ಬಗೆಯುತ್ತಾರೆ, ಪೌರನಿಗೂ ದ್ರೋಹ ಬಗೆಯುತ್ತಾರೆ.

ಇಲ್ಲಿ ಸಾಹಿತ್ಯವಲಯದ ಒಂದು ಸುಲಭ ವಾದವನ್ನು ಆರಂಭದಲ್ಲಿಯೇ ತಳ್ಳಿಹಾಕುವುದು ಲೇಸು. ‘ಚರಿತ್ರೆಯಲ್ಲಿ ಎಲ್ಲರೂ ವಲಸಿಗರೇ, ಆದಿಕವಿ ಪಂಪನ ಪೂರ್ವಜರೂ ವೆಂಗಿನಾಡಿನಿಂದ ಬಂದವರಲ್ಲವೆ? ಹಾಗಿರುವಾಗ ಗಡಿಯ ಮಾತೇಕೆ?’ ಎಂದು ಕೇಳುವುದು ವೇದಿಕೆಗಳಲ್ಲಿ ವಾಡಿಕೆಯಾಗಿದೆ. ಇದು ಚಪ್ಪಾಳೆ ಗಿಟ್ಟಿಸುವ ಮಾತೇ ಹೊರತು ವಾದವಲ್ಲ. ವೆಂಗಿಯಿಂದ ಬನವಾಸಿಗೆ ಬರುವವನಿಗೆ ಪಾಸ್‌ಪೋರ್ಟಿನ ಹಂಗಿರಲಿಲ್ಲ. ಅಂದಿನ ಅರಸನಿಗೆ ಪ್ರಜೆಗೆ ಮತದಾನದ ಹಕ್ಕು ಕೊಡುವ, ಪಡಿತರ ಕೊಡುವ, ಶಾಲೆ ತೆರೆಯುವ ಹೊಣೆಯೂ ಇರಲಿಲ್ಲ. ಕವಿರಾಜಮಾರ್ಗ ಹೇಳುವ ಕಾವೇರಿ ಗೋದಾವರಿಗಳ ನಡುವಿನ ನಾಡು ನುಡಿಯ ಎಲ್ಲೆ. ಆಧುನಿಕ ರಾಷ್ಟ್ರದ ಎಲ್ಲೆ ಕಾನೂನಿನ ಎಲ್ಲೆ. ಪ್ರಜಾಪ್ರಭುತ್ವದಲ್ಲಿ ಆಳುವವರನ್ನು ಆರಿಸುವವರು ಯಾರೆಂಬುದು ಸ್ಪಷ್ಟವಾಗಿರಲೇಬೇಕು. ಆದ್ದರಿಂದ ಗಡಿಯೇ ಬೇಡವೆನ್ನುವ ಉದಾರತೆಗೆ ಅರ್ಥವಿಲ್ಲ. ಅದು ಗಡಿಯಿಂದ ಬಹುದೂರದಲ್ಲಿ ವಾಸಿಸುವವರ ಉದಾರತೆ.

ಅಸ್ಸಾಮಿನ ಭಯಕ್ಕೆ ಚಾರಿತ್ರಿಕ ಕಾರಣಗಳಿವೆ. 1826ರ ಯಾಂಡಬೂ ಒಪ್ಪಂದದ ತರುವಾಯ ಆ ನಾಡು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಕಚೇರಿ, ಶಾಲೆಗಳಲ್ಲಿ ಬಂಗಾಳಿ ಭಾಷೆ ನೆಲೆಗೊಂಡಿತು. ಅಸಮೀಯಾ ಬಂಗಾಳಿಯ ಒಂದು ಉಪಭಾಷೆ ಮಾತ್ರ ಎಂಬ ವಾದವನ್ನು ಎದುರಿಸಲು 1846ರಲ್ಲಿ ಶಿವಸಾಗರದಿಂದ ಹೊರಟ ‘ಅರುಣೋದಯ’ ಪತ್ರಿಕೆ, ಆನಂದರಾಮ ಢೇಕಿಯಾಲ್ ಫುಕನ್ ಅವರಂಥ ವಿದ್ವಾಂಸರು ದಶಕಗಳ ಕಾಲ ಹೆಣಗಬೇಕಾಯಿತು. ಸ್ವಂತ ನೆಲದಲ್ಲಿ ಸ್ವಂತ ನುಡಿಗೆ ಮತ್ತೆ ಸ್ಥಾನ ದೊರೆತದ್ದು 1873ರಲ್ಲಿ. ಕಚೇರಿಯಿಂದ ಭಾಷೆಯನ್ನು ಹೊರಗಟ್ಟಿದರೆ ಏನಾಗುತ್ತದೆಂಬುದನ್ನು ಏಕೀಕರಣಪೂರ್ವದ ಹೈದರಾಬಾದ್ ಸಂಸ್ಥಾನದ ಕನ್ನಡಿಗರಿಗೂ, ಮುಂಬಯಿ ಪ್ರಾಂತದ ಕನ್ನಡಿಗರಿಗೂ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಅಸ್ಸಾಮಿನ ನೆರೆಯ ತ್ರಿಪುರಾದಲ್ಲಿ ಮೂಲನಿವಾಸಿ ಬುಡಕಟ್ಟುಗಳು ಇಂದು ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಸ್ಸಾಮಿನಲ್ಲಿಯೇ 1991ರ ಜನಗಣತಿಯಲ್ಲಿ ಶೇಕಡಾ 57.81ರಷ್ಟಿದ್ದ ಅಸಮೀಯಾ ಭಾಷಿಕರ ಪಾಲು 2011ರಲ್ಲಿ ಶೇಕಡಾ 48.38ಕ್ಕೆ ಇಳಿದಿದೆ. ಈ ಅಂಕಿಗಳನ್ನು ನೋಡಿ ಅಸ್ಸಾಮಿನವನು ಕಳವಳಗೊಂಡರೆ ಅದನ್ನು ‘ಪರದ್ವೇಷ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುವುದು ವಿದ್ವತ್ತಿನ ಸೋಮಾರಿತನ.

ಆದರೆ ಕಳವಳ ನಿಜವಾದುದರಿಂದ ಅದಕ್ಕೆ ಹಿಡಿದ ಮದ್ದು ಸರಿಯೆಂದಾಗುವುದಿಲ್ಲ. ಪೂರ್ವಬಂಗಾಳದ ಮೈಮನಸಿಂಗ್ ಮೊದಲಾದ ಜಿಲ್ಲೆಗಳಿಂದ ರೈತರು ಬ್ರಹ್ಮಪುತ್ರಾ ಕಣಿವೆಗೆ ಬರತೊಡಗಿದುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅಂದು ಅವರು ದಾಟಿದುದು ಜಿಲ್ಲೆಯ ಗಡಿಯನ್ನೇ ವಿನಾ ದೇಶದ ಗಡಿಯನ್ನಲ್ಲ. ಪಾಳುಬಿದ್ದ ನೆಲದಿಂದ ಕಂದಾಯ ಹುಟ್ಟಬೇಕೆಂಬ ಬ್ರಿಟಿಷ್ ಆಡಳಿತದ ಆಸೆ ಅವರನ್ನು ಬರಮಾಡಿಕೊಂಡಿತು. 1947ರಲ್ಲಿ ಅವರ ಬೆನ್ನ ಹಿಂದೆ ಅಂತಾರಾಷ್ಟ್ರೀಯ ಗಡಿ ಮೂಡಿತು. ಆ ಬಳಿಕ, ವಿಶೇಷವಾಗಿ 1971ರ ಯುದ್ಧದ ಹಿಂದುಮುಂದಿನ ದಿನಗಳಲ್ಲಿ ಬಂದವರು ಬೇರೆ. ಹೀಗೆ ಒಂದೇ ಉಡುಪು, ಒಂದೇ ಮಾತು, ಒಂದೇ ಧರ್ಮದ ಜನರಲ್ಲಿ ನೂರು ವರ್ಷಗಳ ನಿವಾಸಿಯೂ ಇದ್ದಾನೆ, ಕಾನೂನು ಮೀರಿ ಬಂದವನೂ ಇದ್ದಾನೆ. ಇವರಿಬ್ಬರನ್ನು ಬೇರ್ಪಡಿಸುವುದೇ ಸಮಸ್ಯೆಯ ತಿರುಳು. ಆವೇಶಕ್ಕೆ ಆ ಕೆಲಸ ಸಾಧ್ಯವಿಲ್ಲ ಎಂಬುದಕ್ಕೆ 1983ರ ಫೆಬ್ರುವರಿ 18ರ ನೆಲ್ಲಿ ಸಾಕ್ಷಿ. ಒಂದೇ ಬೆಳಗಿನಲ್ಲಿ, ಸರ್ಕಾರಿ ಲೆಕ್ಕದಂತೆಯೇ ಸುಮಾರು 1800 ಜನ ಅಲ್ಲಿ ಹತರಾದರು. ಅವರಲ್ಲಿ ಹೆಂಗಸರು ಮಕ್ಕಳೇ ಬಹುಸಂಖ್ಯಾತರು. ಅತ್ತ ವಿದೇಶೀಯರ ವಿರುದ್ಧದ ಚಳವಳಿ ತನ್ನ ಹುತಾತ್ಮರನ್ನು 855 ಎಂದು ಎಣಿಸುತ್ತದೆ. ಎರಡು ಬದಿಯ ಸಾವುಗಳನ್ನೂ ನೆನೆಯದೆ ಅಸ್ಸಾಮಿನ ಬಗೆಗೆ ಆಡುವ ಮಾತು ಅರ್ಧಸತ್ಯ.

1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದ 1971ರ ಮಾರ್ಚ್ 24ರ ಮಧ್ಯರಾತ್ರಿಯನ್ನು ಗೆರೆಯಾಗಿ ಎಳೆಯಿತು. ಆ ಗೆರೆಯನ್ನು ಪೌರತ್ವ ಕಾಯಿದೆಯ 6ಎ ವಿಧಿಯಾಗಿ ಸೇರಿಸಲಾಯಿತು; 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು 4:1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಗೆರೆ ಎಲ್ಲಿ ಎಂಬುದು ಹೀಗೆ ಇತ್ಯರ್ಥವಾದ ಸಂಗತಿ. ಇತ್ಯರ್ಥವಾಗದೆ ಉಳಿದಿರುವುದು ಗೆರೆಯ ಯಾವ ಬದಿಗೆ ಯಾರು ಎಂಬುದನ್ನು ಸಾಬೀತುಪಡಿಸುವ ಹೊಣೆ ಯಾರದು ಎಂಬ ಪ್ರಶ್ನೆ.

ಈ ಪ್ರಶ್ನೆಗೆ ಭಾರತದ ಕಾನೂನು ಎರಡು ಬಗೆಯ ಉತ್ತರ ಕೊಟ್ಟು ನೋಡಿದೆ. 1983ರಲ್ಲಿ ಅಸ್ಸಾಮಿಗೆಂದೇ ಮಾಡಿದ ಅಕ್ರಮ ವಲಸಿಗರ ಕಾಯಿದೆ ಹೊಣೆಯನ್ನು ಆರೋಪಿಸುವವರ ಮೇಲೆ ಹೊರಿಸಿತ್ತು. ಅದರ ಅಡಿಯಲ್ಲಿ ಪತ್ತೆಯಾದವರ ಸಂಖ್ಯೆ ಅತ್ಯಲ್ಪ, ಅದು ಅಕ್ರಮ ವಲಸಿಗರಿಗೇ ರಕ್ಷಣೆಯಾಗಿದೆ ಎಂಬ ಆಕ್ಷೇಪವನ್ನು ಮನ್ನಿಸಿ ಸುಪ್ರೀಂ ಕೋರ್ಟು 2005ರ ಜುಲೈನಲ್ಲಿ ಅದನ್ನು ಅಸಿಂಧುಗೊಳಿಸಿತು. ಅಂದಿನಿಂದ 1946ರ ವಿದೇಶೀಯರ ಕಾಯಿದೆಯ 9ನೆಯ ವಿಧಿಯೇ ಆಧಾರ: ತಾನು ವಿದೇಶೀಯನಲ್ಲವೆಂದು ತೋರಿಸುವ ಹೊಣೆ ಆಪಾದಿತನದೇ. 2025ರ ಹೊಸ ಕಾಯಿದೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಇದರ ಸಮರ್ಥಕರ ವಾದ ಹಗುರವಾದುದಲ್ಲ. ತಾನು ಎಲ್ಲಿ ಹುಟ್ಟಿದೆ, ತನ್ನ ತಂದೆ ಯಾರು ಎಂಬುದು ಒಬ್ಬನ ಸ್ವಂತ ಅರಿವಿಗೆ ಸೇರಿದ ಸಂಗತಿ. ಅದನ್ನು ಅವನೇ ತೋರಿಸಬೇಕು, ಸರ್ಕಾರ ಹೇಗೆ ತೋರಿಸೀತು ಎಂದು ಅವರು ಕೇಳುತ್ತಾರೆ. ತಂದೆ ಯಾರೆಂಬುದು ಅವನಿಗೆ ಗೊತ್ತು, ನಿಜ. ಆದರೆ ನ್ಯಾಯಮಂಡಳಿ ಕೇಳುವುದು ತಂದೆ ಯಾರೆಂದಲ್ಲ. 1966ರ ಮತದಾರರ ಪಟ್ಟಿಯಲ್ಲಿ ತಂದೆಯ ಹೆಸರು ಹೇಗೆ ಬರೆಯಲ್ಪಟ್ಟಿತ್ತು, 1970ರ ಪಟ್ಟಿಯಲ್ಲಿ ಅದೇಕೆ ಬೇರೆಯಾಗಿದೆ, ಒಂದರಲ್ಲಿ ವಯಸ್ಸು ಮೂವತ್ತಾದರೆ ನಾಲ್ಕು ವರ್ಷಗಳ ಮೇಲೆ ಇನ್ನೊಂದರಲ್ಲಿ ನಲವತ್ತು ಹೇಗಾಯಿತು ಎಂದು. ಆ ಪಟ್ಟಿಯನ್ನು ಬರೆದುದು ಸರ್ಕಾರ. ಕಾಪಿಟ್ಟುಕೊಂಡುದು ಸರ್ಕಾರ. ತಪ್ಪು ಬರೆದಿದ್ದರೆ ಬರೆದವನು ಸರ್ಕಾರದ ಸಂಬಳ ಪಡೆದ ಗುಮಾಸ್ತ. ಓದುಬರಹವಿಲ್ಲದ ರೈತನಿಗೆ ತನ್ನ ಹೆಸರು ಹೇಗೆ ಬರೆಯಲ್ಪಟ್ಟಿತೆಂಬುದು ಆ ದಿನವೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಸರ್ಕಾರದ ಅರಿವಿಗೆ ಸೇರಿದ ಸಂಗತಿಯನ್ನು ರೈತನ ಸ್ವಂತ ಅರಿವೆಂದು ಹೆಸರಿಸುವುದು ತರ್ಕವಲ್ಲ, ತರ್ಕದ ಅಣಕ.

ಹೆಸರುಗಳ ವಿಷಯದಲ್ಲಿ ಅಸ್ಸಾಮಿನ ಪರಿಸ್ಥಿತಿ ಯಾವ ಹಸ್ತಪ್ರತಿ ಭಂಡಾರಕ್ಕಿಂತಲೂ ಜಟಿಲವಾದುದು. ಅರಬ್ಬೀ ಮೂಲದ ಹೆಸರನ್ನು ಬಂಗಾಳಿಯ ಪ್ರಾದೇಶಿಕ ಉಚ್ಚಾರದಲ್ಲಿ ಹೇಳುವವನೊಬ್ಬ. ಅಸಮೀಯಾ ಕಿವಿಯಿಂದ ಕೇಳಿ ಅಸಮೀಯಾ ಲಿಪಿಯಲ್ಲಿ ಬರೆಯುವವನು ಇನ್ನೊಬ್ಬ. ಅದನ್ನು ಮುಂದೆ ಇಂಗ್ಲಿಷಿಗೆ ಇಳಿಸುವವನು ಮತ್ತೊಬ್ಬ. ಅಸಮೀಯಾದಲ್ಲಿ ಚಕಾರಕ್ಕೂ ಸಕಾರದ ಉಚ್ಚಾರವೇ ಇರುವುದರಿಂದ ಬರಹಕ್ಕೂ ಮಾತಿಗೂ ನಡುವಣ ದೂರ ಇನ್ನಷ್ಟು ಹೆಚ್ಚು. ಸ್ತ್ರೀಯರ ಸ್ಥಿತಿ ಇನ್ನೂ ಕಠಿಣ. ಮದುವೆಗೆ ಮುನ್ನ ಖಾತೂನ್ ಆಗಿದ್ದವಳು ಮದುವೆಯಾದ ಮೇಲೆ ಬೀಬಿ, ಗಂಡ ತೀರಿಕೊಂಡ ಮೇಲೆ ಬೇವಾ. ಒಬ್ಬಳೇ ಹೆಣ್ಣುಮಗಳು ಮೂರು ಪಟ್ಟಿಗಳಲ್ಲಿ ಮೂವರಾಗಿ ಕಾಣುತ್ತಾಳೆ. ಶಾಲೆಗೆ ಹೋಗಿಲ್ಲ, ಜನನ ಪ್ರಮಾಣಪತ್ರವಿಲ್ಲ, ಜಮೀನು ಅವಳ ಹೆಸರಿನಲ್ಲಿಲ್ಲ. ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಮೊದಲು ಬರುವುದು ಗಂಡನ ಊರಿನಲ್ಲಿ. ತಂದೆಗೂ ಅವಳಿಗೂ ಇರುವ ನಂಟನ್ನು ತೋರುವುದು ಪಂಚಾಯಿತಿ ಕಾರ್ಯದರ್ಶಿ ಕೊಟ್ಟ ಒಂದು ಚೀಟಿ. ಆ ಚೀಟಿ ಸಲ್ಲದೆಂದು ಗುವಾಹಟಿ ಹೈಕೋರ್ಟು 2017ರಲ್ಲಿ ಹೇಳಿತು. ಪರಿಶೀಲನೆಗೊಳಪಟ್ಟು ಸಲ್ಲುತ್ತದೆಂದು ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟು ಹೇಳಿತು. ಇದರ ಮೇಲೆ ಬ್ರಹ್ಮಪುತ್ರೆಯ ಹಾವಳಿ. 1950ರಿಂದೀಚೆಗೆ ಆ ನದಿ ಮತ್ತು ಅದರ ಉಪನದಿಗಳು ನಾಲ್ಕು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲವನ್ನು ಕೊರೆದು ನುಂಗಿವೆ. ಊರೇ ಹೊಳೆಪಾಲಾದವನ ಮನೆಯ ಪೆಟ್ಟಿಗೆಯಲ್ಲಿ ಕಾಗದ ಎಲ್ಲಿ ಉಳಿದೀತು?

ಓಲೆಗರಿಗೆ ಗೆದ್ದಲು ಹಿಡಿದರೆ ಸಂಪಾದಕ ಅಲ್ಲಿ ತ್ರುಟಿತ ಎಂದು ಗುರುತುಮಾಡುತ್ತಾನೆ. ಗ್ರಂಥ ಕೃತ್ರಿಮವೆಂದು ಘೋಷಿಸುವುದಿಲ್ಲ. ಹೋಲುವ ಎರಡು ಅಕ್ಷರಗಳಲ್ಲಿ ಲಿಪಿಕಾರ ಎಡವಿದ್ದರೆ ಅದನ್ನು ತಿದ್ದುತ್ತಾನೆ. ಅಸ್ಸಾಮಿನ ಚಿರಾಂಗ್ ಜಿಲ್ಲೆಯಲ್ಲಿ ನಡೆದುದು ಅದರ ವಿಪರ್ಯಯ. ವಿದೇಶೀಯಳೆಂದು ಘೋಷಿತಳಾಗಿದ್ದ ಒಬ್ಬ ಮಹಿಳೆ ತೀರಿಹೋಗಿದ್ದಳು. ಪೊಲೀಸರು ಹೆಸರಿನಲ್ಲಿ ಅವಳನ್ನು ಹೋಲುತ್ತಿದ್ದ ಅದೇ ಊರಿನ ಬೇರೊಬ್ಬ ಬಡ ಹೆಂಗಸನ್ನು ಹಿಡಿದು ಬಂಧನಕೇಂದ್ರಕ್ಕೆ ಕಳುಹಿಸಿದರು. ಅವಳು ಸುಮಾರು ಮೂರು ವರ್ಷ ಒಳಗಿದ್ದು 2019ರ ಜೂನ್‌ನಲ್ಲಿ ಹೊರಬಂದಳು. ಅವಳು ಮುಸ್ಲಿಮಳೂ ಅಲ್ಲ, ಬಂಗಾಳಿ ಹಿಂದೂ. ಅದಕ್ಕೆ ಕೆಲವೇ ದಿನಗಳ ಹಿಂದೆ, ಸೇನೆಯಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರು ವಿದೇಶೀಯರೆಂದು ಘೋಷಿತರಾಗಿ ಬಂಧನಕ್ಕೊಳಗಾಗಿ, ಹೈಕೋರ್ಟಿನ ಜಾಮೀನಿನ ಮೇಲೆ ಬಿಡುಗಡೆ ಹೊಂದಿದ್ದರು. ಗಡಿ ಕಾದವನನ್ನೇ ಗಡಿದಾಟಿ ಬಂದವನೆಂದು ಹಿಡಿಯುವ ವ್ಯವಸ್ಥೆ ಗಡಿಯನ್ನು ಎಷ್ಟರಮಟ್ಟಿಗೆ ಕಾದೀತು?

ಇವು ಅಪವಾದಗಳೆಂದು ಹೇಳುವವರು ಸಂಖ್ಯೆಗಳನ್ನು ನೋಡಬೇಕು. 1985ರಿಂದ 2019ರ ಫೆಬ್ರುವರಿಯವರೆಗೆ 63,959 ಜನರನ್ನು ಏಕಪಕ್ಷೀಯವಾಗಿ, ಎಂದರೆ ಅವರು ಹಾಜರಿಲ್ಲದೆಯೇ, ವಿದೇಶೀಯರೆಂದು ಘೋಷಿಸಲಾಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಕೂಲಿಗಾಗಿ ಬೇರೆ ಊರಿಗೆ ಹೋದವನ ಮನೆಯ ಬಾಗಿಲಿಗೆ ಅಂಟಿಸಿದ ನೋಟೀಸು ಅವನನ್ನು ಹೇಗೆ ತಲುಪೀತು? ಇನ್ನು ರಾಷ್ಟ್ರೀಯ ಪೌರತ್ವ ನೋಂದಣಿಯ ಕಥೆ. 3,30,27,661 ಮಂದಿ ಅರ್ಜಿ ಹಾಕಿದರು. 2018ರ ಜುಲೈ ಕರಡಿನಲ್ಲಿ ಹೊರಗುಳಿದವರು 40,07,707. 2019ರ ಆಗಸ್ಟ್ 31ರ ಪಟ್ಟಿಯಲ್ಲಿ ಹೊರಗುಳಿದವರು 19,06,657. ಒಂದು ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಂದೇಹಿತರ ಸಾಲಿನಿಂದ ಪೌರರ ಸಾಲಿಗೆ ಬಂದರು. ಅವರು ಆ ವರ್ಷದಲ್ಲಿ ಹೊಸದಾಗಿ ಭಾರತೀಯರಾದುದಲ್ಲ. ಮೊದಲಿನ ಜರಡಿಯೇ ತಪ್ಪಾಗಿತ್ತು. ಅಂತಿಮವೆನಿಸಿದ ಪಟ್ಟಿಯೂ ಯಾರಿಗೂ ಒಪ್ಪಿಗೆಯಾಗಲಿಲ್ಲ. ಸಂಖ್ಯೆ ತೀರ ಕಡಿಮೆಯೆಂದು ಚಳವಳಿಗಾರರು, ಹಿಂದೂಗಳು ಹೆಚ್ಚು ಸಂಖ್ಯೆಯಲ್ಲಿ ಹೊರಗುಳಿದರೆಂದು ಆಡಳಿತಪಕ್ಷದವರು, ನಿರಪರಾಧಿಗಳು ಸಿಲುಕಿದರೆಂದು ಉಳಿದವರು ದೂರಿದರು. ವರ್ಷಗಳು ಕಳೆದರೂ ಪಟ್ಟಿಯ ಅಧಿಸೂಚನೆ ಹೊರಡಲಿಲ್ಲ. ಹೊರಗುಳಿದವರಿಗೆ ಕಾರಣ ತಿಳಿಸುವ ಪತ್ರ ಸಿಗಲಿಲ್ಲ. ಪತ್ರವಿಲ್ಲದೆ ಮೇಲ್ಮನವಿಗೆ ದಾರಿಯಿಲ್ಲ. ಸಂಪಾದನೆ ಮುಗಿಯಿತೆಂದು ಸಾರಿ, ಗ್ರಂಥವನ್ನೂ ಪ್ರಕಟಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಬೀಗ ಹಾಕಿದಂತಾಯಿತು.

ಸಾಹಿತ್ಯಕ್ಷೇತ್ರದವರು ಈ ವಿಷಯದಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಪೂರ್ವಬಂಗಾಳ ಮೂಲದ ಮುಸ್ಲಿಂ ರೈತರು 1951ರ ಜನಗಣತಿಯಲ್ಲಿ ತಮ್ಮ ಮಾತೃಭಾಷೆ ಅಸಮೀಯಾ ಎಂದು ಬರೆಸಿದರು. ಆ ನುಡಿಯ ಬಹುಸಂಖ್ಯೆ ಗಟ್ಟಿಯಾದುದರಲ್ಲಿ ಅವರ ಪಾಲಿದೆ. ಅವರ ಮೊಮ್ಮಕ್ಕಳು 2016ರಿಂದೀಚೆಗೆ ‘ಮಿಯಾ’ ಎಂಬ ಬೈಗುಳವನ್ನೇ ಹೆಸರಾಗಿಸಿಕೊಂಡು ಕವಿತೆ ಬರೆದಾಗ, 2019ರ ಜುಲೈನಲ್ಲಿ ಹತ್ತು ಮಂದಿಯ ಮೇಲೆ ಪೊಲೀಸು ದೂರು ದಾಖಲಾಯಿತು. ಹಿರಿಯ ವಿಮರ್ಶಕ ಹಿರೇನ್ ಗೊಹಾಯಿಯವರಂಥ ಪ್ರಗತಿಪರರೂ, ಶಿಷ್ಟ ಅಸಮೀಯಾದಲ್ಲಿ ಬರೆಯದೆ ಆಡುಮಾತಿನಲ್ಲಿ ಏಕೆ ಬರೆಯಬೇಕೆಂದು ಆಕ್ಷೇಪಿಸಿದರು. ಆಡುಮಾತಿನಲ್ಲಿ ಕಾವ್ಯ ಬರೆಯುವುದು ನಾಡಿಗೆ ಅಪಾಯವಾಗುವುದಾದರೆ ಕನ್ನಡದ ಧಾರವಾಡಿ, ಕುಂದಾಪುರಿ, ಕಲಬುರಗಿಯ ನುಡಿಗಳಲ್ಲಿ ಬರೆದವರನ್ನೆಲ್ಲ ಏನೆನ್ನಬೇಕು? ಕವಿತೆಗೆ ಕವಿತೆಯಿಂದ, ವಿಮರ್ಶೆಗೆ ವಿಮರ್ಶೆಯಿಂದ ಉತ್ತರ ಕೊಡಬೇಕಾದ ಕಡೆ ಠಾಣೆಯ ಬಾಗಿಲು ತಟ್ಟಿದುದು ಅಸಮೀಯಾ ಸಾಹಿತ್ಯದ ಘನತೆಗೆ ತಕ್ಕುದಾಗಿರಲಿಲ್ಲ. ಆಚೆಬದಿಯ ಬುದ್ಧಿಜೀವಿಗಳ ತಪ್ಪೂ ಚಿಕ್ಕದಲ್ಲ. ಅಸ್ಸಾಮಿನ ಭಾಷಾಭೀತಿಯನ್ನು ಅವರು ಮತೀಯತೆಯೆಂದು ಮಾತ್ರ ಓದಿದರು. ಅದು ಹಾಗಿದ್ದರೆ, ಮುಸ್ಲಿಮೇತರರಿಗೆ ಪೌರತ್ವ ನೀಡುವ 2019ರ ತಿದ್ದುಪಡಿಯ ವಿರುದ್ಧ ಅಸ್ಸಾಮೇ ಎಲ್ಲರಿಗಿಂತ ಮೊದಲು ಏಕೆ ಹೊತ್ತಿ ಉರಿಯಿತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ದೂರದ ಅಸ್ಸಾಮಿನ ಮಾತು ಕರ್ನಾಟಕಕ್ಕೇಕೆ ಎನ್ನುವವರಿಗೆ ಬೆಂಗಳೂರೇ ಉತ್ತರ ಕೊಟ್ಟಾಗಿದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರ ನೆಲೆಯೆಂಬ ಆಪಾದನೆಯ ಮೇಲೆ ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಮನೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾಗಳವರು ಮಾತ್ರವಲ್ಲ, ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಕನ್ನಡಿಗರೂ ಇದ್ದರು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಕನ್ನಡಿಗನು ಕನ್ನಡನಾಡಿನ ರಾಜಧಾನಿಯಲ್ಲಿ ಬಾಂಗ್ಲಾದೇಶೀಯನೆಂಬ ಗುಮಾನಿಗೆ ಗುರಿಯಾಗಿ ಬೀದಿಗೆ ಬಿದ್ದ ಈ ಘಟನೆ ಒಂದು ಸತ್ಯವನ್ನು ಬಯಲುಮಾಡಿತು: ಒಳನಾಡಿಗೆ ಬಂದ ಗಡಿ ದೇಶವನ್ನು ನೋಡುವುದಿಲ್ಲ, ಬಡತನವನ್ನು ನೋಡುತ್ತದೆ. ಪಕ್ಕಾ ಮನೆ, ಪದವಿ, ಪಾಸ್‌ಪೋರ್ಟು ಉಳ್ಳವನ ಹೆಸರಿನ ಕಾಗುಣಿತವನ್ನು ಯಾರೂ ಎಣಿಸುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಭಾರತ ಬಾಂಗ್ಲಾದೇಶಗಳ ಗಡಿ 4,096 ಕಿಲೋಮೀಟರು. ಅಸ್ಸಾಮಿನ ಪಾಲು 263 ಕಿಲೋಮೀಟರು. ಧುಬ್ರಿಯ ನದೀಭಾಗದಲ್ಲಿ ಬೇಲಿ ನಿಲ್ಲುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ದೋಣಿ, ದೀಪ, ಯಂತ್ರ, ಜನ ಎಲ್ಲವನ್ನೂ ಅಲ್ಲಿ ಇರಿಸಲಿ. ಇಂದು ನುಸುಳುವವನನ್ನು ಇಂದೇ ತಡೆಯುವುದು ಗಡಿರಕ್ಷಣೆ. ಒಳಗಿರುವವನ ಮೇಲೆ ಸಂದೇಹವಿದ್ದರೆ ಸಂದೇಹಕ್ಕೆ ಆಧಾರವೇನೆಂಬುದನ್ನು ಸರ್ಕಾರ ಮೊದಲು ಲಿಖಿತವಾಗಿ ಮುಂದಿಡಲಿ. 2024ರ ತೀರ್ಪು ಹೇಳಿರುವುದೂ ಅದನ್ನೇ. ಹೆಸರು, ವಯಸ್ಸುಗಳ ಭೇದವನ್ನು ಬೇರೊಂದು ಸ್ವತಂತ್ರ ಆಧಾರ ದೊರೆಯುವವರೆಗೆ ಬರವಣಿಗೆಯ ದೋಷವೆಂದೇ ಭಾವಿಸಲಿ. ಆಪಾದಿತ ಎದುರಿಗಿಲ್ಲದೆ ಪೌರತ್ವದ ತೀರ್ಪು ಬೇಡ. ವಕೀಲನಿಲ್ಲದವನಿಗೆ ವಕೀಲನನ್ನು ಕೊಡಲಿ. ಹತ್ತೊಂಬತ್ತು ಲಕ್ಷ ಜನರಿಗೆ ಕಾರಣದ ಪತ್ರ ಕೊಟ್ಟು ಮೇಲ್ಮನವಿಯ ಬಾಗಿಲು ತೆರೆಯಲಿ. ಅಷ್ಟೆಲ್ಲ ಆದ ಮೇಲೂ ಒಬ್ಬ ನಿಜವಾಗಿಯೂ 1971ರ ಗೆರೆಯ ಆಚೆಯವನೆಂದು ಸಿದ್ಧವಾದರೆ ಕಾನೂನು ತನ್ನ ದಾರಿ ಹಿಡಿಯಲಿ. ಆಗ ಅದನ್ನು ಅನ್ಯಾಯವೆನ್ನುವ ಹಕ್ಕು ಯಾರಿಗೂ ಇರುವುದಿಲ್ಲ. ಅಸಮೀಯಾ ನುಡಿಯ ರಕ್ಷಣೆಗೆ ಶಾಲೆ, ಭೂಹಕ್ಕು, ಆಡಳಿತಭಾಷೆಗಳ ಬೇರೆ ಮಾರ್ಗಗಳಿವೆ. ಒಪ್ಪಂದದ 6ನೆಯ ಕಲಮು ಅದಕ್ಕೆಂದೇ ಇದೆ. ಅದನ್ನು ಕಾರ್ಯಗತಗೊಳಿಸದೆ ಕಾಗುಣಿತ ತಿದ್ದುತ್ತ ಕೂಡುವುದರಿಂದ ಭಾಷೆ ಉಳಿಯದು.

ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಬರಹದಲ್ಲಿ ತಪ್ಪಿದ್ದರೆ ತಿದ್ದಿ ಓದಬೇಕೆಂದು ಬೇಡಿಕೊಳ್ಳುವುದುಂಟು. ತಪ್ಪು ತನ್ನದು, ಗ್ರಂಥದ್ದಲ್ಲ ಎಂಬ ಪ್ರಾಮಾಣಿಕತೆ ಅವನಲ್ಲಿತ್ತು. ರಾಷ್ಟ್ರವೊಂದು ತನ್ನ ಪ್ರಜೆಗಳ ಹೆಸರನ್ನು ಬರೆಯುವಾಗ ಅಷ್ಟು ಪ್ರಾಮಾಣಿಕತೆಯನ್ನಾದರೂ ತೋರಬೇಡವೆ?